ಅಡ್ಮಿನ್ ಸಾರ್ ಓದಿದ ಚೀಟಿ

ಪಾಸ್‌ವರ್ಡ್ ಹೊಡೆಯುವ ಮುನ್ನ ಅವರು ಜೇಬಿನಿಂದ ಕರ್ಚೀಫು ತೆಗೆದು, ಕೊಡವಿ, ಎಡಗೈಯ ಮೇಲೆ ಹೊದಿಸಿ ಕೀಬೋರ್ಡಿಗೆ ಮರೆ ಮಾಡುತ್ತಿದ್ದರು. ಆಮೇಲೆ ಬಲಗೈಯ ತೋರುಬೆರಳೊಂದನ್ನೇ ಆ ಬಟ್ಟೆಯ ಗುಡಾರದೊಳಗೆ ತೂರಿಸಿ ಟಕ್, ಟಕ್, ಟಕ್ ಎಂದು ಕುಟ್ಟುತ್ತಿದ್ದರು. ಒಂಬತ್ತು ಸಲ. ಅವರ ಪಾಸ್‌ವರ್ಡಿಗೆ ಒಂಬತ್ತು ಅಕ್ಷರ ಎಂಬುದು ನಮ್ಮ ಆಫೀಸಿನಲ್ಲಿ ಟೀ ತರುವವರಿಗೂ ಗೊತ್ತಿತ್ತು. ಯಾರಿಗೂ ಏನೂ ಗೊತ್ತಾಗಿಲ್ಲ ಎಂದು ನಂಬಿದ್ದವರು ಅವರೊಬ್ಬರೇ. ಕುಟ್ಟಿ ಮುಗಿದ ಮೇಲೆ ಕರ್ಚೀಫಿನಲ್ಲಿ ಬೆರಳು ಒರೆಸಿಕೊಂಡು, ನಮ್ಮ ಕಡೆ ತಿರುಗಿ, ‘ಹ್ಞಾಂ, ಈಗ ಹೇಳಿ, ಏನ್ ಪರ್ಮಿಷನ್ ಬೇಕಿತ್ತು?’ ಎನ್ನುತ್ತಿದ್ದರು.

ಹೋದ ತಿಂಗಳು ಅವರು ರಿಟೈರ್ ಆದರು. ಬಸವೇಶ್ವರನಗರದ ಒಂದು ಪುಟ್ಟ ಹಾಲಿನಲ್ಲಿ ಶಾಲು, ಹಾರ, ಫಲತಾಂಬೂಲ, ಕೇಸರಿಭಾತು ಎಲ್ಲ ಆಯಿತು. ಆಫೀಸಿನ ಪತ್ರ ವ್ಯವಹಾರ ನೋಡಿಕೊಳ್ಳುವವಳು ನಾನಾದ್ದರಿಂದ, ‘ನಾಲ್ಕು ಒಳ್ಳೆ ಮಾತು ನೀವೇ ಬರ್ಕೊಂಬಂದು ಓದ್ಬಿಡಿ ಮೇಡಂ’ ಎಂದರು. ಓದಿದೆ. ‘ಶಿಸ್ತಿನ ಸಿಪಾಯಿ’ ಎಂದೆ, ‘ಸಂಸ್ಥೆಯ ಕಣ್ಣು’ ಎಂದೆ. ಎರಡನೆಯದು ಸುಳ್ಳಲ್ಲ, ಆ ಕಣ್ಣನ್ನು ಎಲ್ಲೆಲ್ಲಿ ಇಟ್ಟಿದ್ದರು ಎಂದು ಹೇಳಲಿಲ್ಲ, ಅಷ್ಟೆ. ಅಲ್ಲಿ ಹೇಳದೆ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಅದು ಗೌರವದಿಂದಲ್ಲ. ಇಂಥವರು ಆಫೀಸಿಗೊಬ್ಬರಂತೆ ಇರುತ್ತಾರೆ. ಓದುವವರು ತಮ್ಮ ತಮ್ಮವರ ಹೆಸರು ಹಾಕಿಕೊಳ್ಳಬಹುದು.

ನಮ್ಮದು ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿ ನೀರಿನ ಪಂಪುಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡುವ ಸಣ್ಣ ಕಂಪನಿ. ಕೆಳಗೆ ಶೆಡ್ಡು, ಮೇಲೆ ಆಫೀಸು, ತಯಾರಾದ ಮಾಲಿಗೆ ಕೆಂಗೇರಿಯಲ್ಲೊಂದು ಗೋಡೌನು. ದಾವಣಗೆರೆ ಕಡೆಯವರಾದ ಕಂಪನಿಯ ಯಜಮಾನರಿಗೆ ಕೆಂಗೇರಿಗೆ ದಿನವೂ ಇಪ್ಪತ್ತು ಸಲ ಫೋನ್ ಮಾಡಿ ಕೂಗಾಡುವುದು ಸಾಕಾಗಿತ್ತು. ಯಾರೋ ಹೇಳಿದರು, ಕಂಪ್ಯೂಟರುಗಳಲ್ಲೇ ಪರಸ್ಪರ ಮಾತಾಡಿಕೊಳ್ಳುವ ಚಾಟ್ ಸಾಫ್ಟ್‌ವೇರ್ ಬಂದಿದೆ, ಬರೆದದ್ದು ದಾಖಲೆಯಾಗಿಯೂ ಉಳಿಯುತ್ತದೆ ಎಂದು. ಹಾಕಿಸಿದರು. ಪರದೆಯ ಮೂಲೆಯಲ್ಲಿ ಸಣ್ಣ ಚೌಕವೊಂದು ಪುಟಿದು ಏಳುತ್ತಿದ್ದುದರಿಂದ ನಾವು ಅದಕ್ಕೆ ‘ಡಬ್ಬಿ’ ಎಂದು ಹೆಸರಿಟ್ಟೆವು. ‘ಡಬ್ಬೀಲಿ ಹಾಕಿದೀನಿ ನೋಡಿ’ ಎಂದರೆ ಮೆಸೇಜು ಕಳಿಸಿದ್ದೇನೆ ಎಂದು ಅರ್ಥ. ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುತ್ತಿದ್ದೆವು.

ಈ ಡಬ್ಬಿಯನ್ನು ನೋಡಿಕೊಳ್ಳಲು ಒಬ್ಬರು ಬೇಕಲ್ಲ. ಇವರು ಅಲ್ಲಿಯವರೆಗೆ ಟೈಮ್ ಆಫೀಸಿನಲ್ಲಿದ್ದವರು. ಗೇಟಿನ ಪಕ್ಕದ ಕಿಟಕಿಯಲ್ಲಿ ಕೂತು, ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುವುದು ಅವರ ವೃತ್ತಿ, ಹವ್ಯಾಸ, ಭಕ್ತಿ. ಸಂಜೆ ಹೊತ್ತು ಯಾವುದೋ ಟ್ಯುಟೋರಿಯಲ್ಲಿನಲ್ಲಿ ಮೂರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದ್ದರು. ಅಷ್ಟು ಸಾಕಾಯಿತು.

ಸಾಫ್ಟ್‌ವೇರ್ ಹಾಕಲು ಬಂದ ಇಂಜಿನಿಯರು ಎಲ್ಲರನ್ನೂ ಕೂರಿಸಿ ವಿವರಿಸಿದ್ದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ನಾನು ಚಿಂತೆಯ ಪ್ರಾಣಿ. ಯಾರಾದರೂ ‘ಒಂದು ವೇಳೆ’ ಎಂದರೆ ಸಾಕು, ಮಿಕ್ಕದ್ದೆಲ್ಲ ಕಂಠಪಾಠ. ‘ಇದ್ರಲ್ಲಿ ಮೂರು ಥರ ಜನ ಇರ್ತಾರೆ. ಯೂಸರ್, ಮಾಡರೇಟರ್, ಅಡ್ಮಿನ್. ಅಡ್ಮಿನ್ ಮಾತ್ರ ಕಡೇಪಕ್ಷ ಇಬ್ರು ಇರ್ಲಿ. ಒಂದು ವೇಳೆ ಒಬ್ರಿಗೆ ಏನಾದ್ರೂ ಆದ್ರೆ ಇನ್ನೊಬ್ರು ನೋಡ್ಕೋತಾರೆ’ ಎಂದರು ಇಂಜಿನಿಯರು.

‘ಒಂದ್ ಮನೇಗೆ ಇಬ್ರು ಯಜಮಾನ್ರು ಇರ್ತಾರೇನ್ರೀ?’ ಎಂದರು ಇವರು. ‘ನಂಗೇನೂ ಆಗಲ್ಲ. ಬಿಪಿ ಇಲ್ಲ, ಶುಗರ್ ಇಲ್ಲ.’

ಹಾಗೆ ನಮಗೆ ಒಬ್ಬರೇ ಅಡ್ಮಿನ್ ಆದರು. ನಾವೆಲ್ಲ ಯೂಸರ್‌ಗಳಾದೆವು. ಯಜಮಾನರೂ. ಒಮ್ಮೆ ಯಜಮಾನರು ಮಾರಾಟದವರಿಗಾಗಿ ಹೊಸ ಗುಂಪೊಂದನ್ನು ತೆರೆಯಲು ಹೋದರೆ ‘ನಿಮಗೆ ಅನುಮತಿಯಿಲ್ಲ’ ಎಂದು ಡಬ್ಬಿ ಹೇಳಿತು. ಸ್ವಂತ ಕಂಪನಿಯಲ್ಲಿ, ಸ್ವಂತ ಕುರ್ಚಿಯಲ್ಲಿ, ಸ್ವಂತ ದುಡ್ಡಿನ ಕಂಪ್ಯೂಟರು. ಅವರು ಎದ್ದು ಬಂದು ಕೇಳಿದಾಗ ಇವರು ಎದ್ದೇನೋ ನಿಂತರು, ಕೈಯನ್ನೂ ಕಟ್ಟಿಕೊಂಡರು, ಆದರೆ ಹೇಳಿದ್ದು ಮಾತ್ರ ಹೀಗೆ: ‘ಒಂದ್ ರಿಕ್ವೆಸ್ಟ್ ಹಾಕ್ಬಿಡಿ ಸಾರ್. ಸಿಸ್ಟಮ್‌ಗೆ ಎಲ್ರೂ ಒಂದೇ.’ ಯಜಮಾನರು ಪಾಪ, ರಿಕ್ವೆಸ್ಟ್ ಹಾಕಿದರು. ಇವರು ಮಾರನೆಯ ದಿನ ಕೊಟ್ಟರು. ಅವತ್ತೇ ಕೊಡಬಹುದಿತ್ತು, ಆದರೆ ಅವತ್ತೇ ಕೊಟ್ಟರೆ ಕೊಟ್ಟಂತೆ ಅನಿಸುವುದಿಲ್ಲವಲ್ಲ.

ಸರ್ವರ್ ಇಟ್ಟಿದ್ದು ಹಳೆಯ ಪ್ಯಾಂಟ್ರಿಯಲ್ಲಿ. ಬಾಗಿಲಿಗೆ ‘ಪಾದರಕ್ಷೆ ಹೊರಗೆ ಬಿಡಿ’ ಎಂದು ಬೋರ್ಡು. ಧೂಳಿನ ಕಾರಣಕ್ಕೆ ಎಂದು ಹೇಳುತ್ತಿದ್ದರೂ ಒಳಗೆ ಹೋಗುವವರು ಬರಿಗಾಲಲ್ಲಿ, ತುಸು ಬಗ್ಗಿ ಹೋಗಬೇಕಾಗಿದ್ದುದು ಅವರಿಗೆ ಹಿತವಾಗಿತ್ತು ಎಂಬುದು ನನ್ನ ಗುಮಾನಿ. ಯಾರು ಏನು ಬರೆದರೂ ಎಷ್ಟು ದಿನ ಉಳಿಯಬೇಕು ಎಂಬುದನ್ನು ಆ ಕೋಣೆಯಲ್ಲಿ ಅವರೇ ನಿಶ್ಚಯಿಸುತ್ತಿದ್ದರು. ಮ್ಯಾನೇಜರುಗಳ ಮಾತು ಆರು ತಿಂಗಳು. ಗುಮಾಸ್ತರ ಮಾತು ಒಂದು ತಿಂಗಳು, ಆಮೇಲೆ ತಾನಾಗಿ ಅಳಿಸಿಹೋಗುತ್ತದೆ. ಗೇಟಿನ ಸೆಕ್ಯುರಿಟಿಯವರದ್ದು ಒಂದೇ ದಿನ.

‘ಯಾಕ್ ಸಾರ್ ಹಾಗೆ?’ ಎಂದು ಕೇಳಿದ್ದೆ.

‘ಸರ್ವರ್ ಉಸಿರಾಡ್ಬೇಕಲ್ಲ ಮೇಡಂ. ಎಲ್ಲಾರ್ದೂ ಇಟ್ಕೊಂಡ್ರೆ ತುಂಬಿ ಹೋಗತ್ತೆ. ಸೆಕ್ಯುರಿಟಿಯೋನ್ ಮಾತಲ್ಲಿ ಉಳಿಸೋಂಥದ್ದೇನಿರತ್ತೆ ಹೇಳಿ?’

ಅಂದರೆ ಯಾರು ಮುಖ್ಯರೋ ಅವರಿಗೆ ನೆನಪು ಜಾಸ್ತಿ. ಕಿಟಕಿಯಲ್ಲಿ ಕೂತು ಕೆಂಪು ಗೀಟು ಎಳೆಯುತ್ತಿದ್ದ ಮನುಷ್ಯನಿಗೆ ಇಷ್ಟು ದೊಡ್ಡ ರಬ್ಬರು ಸಿಕ್ಕಿತ್ತು.

ಒಮ್ಮೆ ಅವರು ಕುಲದೇವರ ಪೂಜೆಗೆಂದು ಮೂರು ದಿನ ರಜೆ ಹೋದರು. ಹೋದ ಒಂದು ಗಂಟೆಗೆ ಮಾರಾಟದ ಇಬ್ಬರು ತಪ್ಪು ಪಾಸ್‌ವರ್ಡ್ ಹೊಡೆದು ಡಬ್ಬಿಯಿಂದ ಹೊರಬಿದ್ದರು. ಬಿಡಿಸಲು ಯಾರಿಗೂ ಅಧಿಕಾರವಿಲ್ಲ. ಮೂರು ದಿನ ಆ ಇಬ್ಬರು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು, ನಾವು ಚೀಟಿಯಲ್ಲೇ ಉತ್ತರಿಸುತ್ತಿದ್ದೆವು, ಕೆಲಸ ಸುಗಮವಾಗಿ ಸಾಗಿತು. ಅಡ್ಮಿನ್ ಸಾರ್ ಬಂದವರೇ ಇದನ್ನು ಕೇಳಿ, ‘ನೋಡಿದ್ರಾ, ನಾನಿಲ್ದಿದ್ರೆ ಆಫೀಸೇ ನಿಂತೋಗತ್ತೆ’ ಎಂದರು. ಮುಖ ಅರಳಿತ್ತು. ಊರಿನ ಪ್ರಸಾದ ಹಂಚಿದರು.

ಇಷ್ಟೇ ಆಗಿದ್ದರೆ ಅವರನ್ನು ನಗುತ್ತಾ ಮರೆತುಬಿಡಬಹುದಿತ್ತು. ಆದರೆ ಅವರು ಓದುತ್ತಿದ್ದರು.

‘ಅಡ್ಮಿನ್‌ಗೆ ಯಾರ ಮೆಸೇಜೂ ಕಾಣಲ್ಲ ಸಾರ್, ಬರೀ ಲೆಕ್ಕ ಕಾಣತ್ತೆ, ಎಷ್ಟ್ ಬಂತು ಎಷ್ಟ್ ಹೋಯ್ತು ಅಂತ’ ಎಂದು ಯಜಮಾನರಿಗೆ ಮೊದಲ ದಿನವೇ ಮಾತು ಕೊಟ್ಟಿದ್ದರು. ಮಧ್ಯಾಹ್ನ ನಾವು ಡಬ್ಬಿ ಬಿಚ್ಚುವಾಗ, ಈಗ ಹೇಳುತ್ತಿರುವುದು ನಿಜವಾದ ಊಟದ ಡಬ್ಬಿ, ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ‘ಏನ್ ಮೇಡಂ, ನಿಮ್ಮನೇಲಿ ನಿನ್ನೆ ಗೆಸ್ಟ್ ಬಂದಿದ್ರಂತೆ’ ಎನ್ನುವರು. ಅತಿಥಿಗಳು ಬಂದದ್ದನ್ನು ನಾನು ಹೇಳಿದ್ದು ಕೊಟೇಷನ್ ವಿಭಾಗದ ಗೆಳತಿಗೆ, ಚಾಟಿನಲ್ಲಿ. ತಾವು ಓದುತ್ತೇವೆ ಎಂಬುದನ್ನು ಅವರು ಮುಚ್ಚಿಡುತ್ತಲೂ ಇದ್ದರು, ನಮಗೆ ಗೊತ್ತಾಗಲಿ ಎಂದು ಬಯಸುತ್ತಲೂ ಇದ್ದರು. ಕದ್ದು ತಿಂದ ಬೆಕ್ಕು ಮೀಸೆ ನೆಕ್ಕಿಕೊಳ್ಳುತ್ತಾ ಅಡುಗೆಮನೆಯ ಎದುರಿಗೇ ಓಡಾಡಿದ ಹಾಗೆ.

ಇಲ್ಲಿ ನನ್ನ ಪಾತ್ರವನ್ನೂ ಹೇಳಿಬಿಡಬೇಕು. ದೀಪಾವಳಿಗೆ ಬರೀ ಒಂದು ಪೊಟ್ಟಣ ಬೂಂದಿ ಕೊಟ್ಟ ಸಿಟ್ಟಿನಲ್ಲಿ ನಾನು ಅದೇ ಗೆಳತಿಗೆ ಯಜಮಾನರನ್ನು ‘ಕಂಜೂಸ್ ಕುಂಬಳಕಾಯಿ’ ಎಂದು ಬರೆದಿದ್ದೆ. ಬರೆದು ಅರ್ಧ ನಿಮಿಷಕ್ಕೆ ಅದನ್ನೇ ಮತ್ತೆ ಓದಿ ಹೆದರಿದೆ. ಅಳಿಸೋಣವೆಂದರೆ ಯೂಸರ್‌ಗೆ ತನ್ನ ಮಾತನ್ನೇ ಅಳಿಸುವ ಅಧಿಕಾರವಿಲ್ಲ. ರಾತ್ರಿಯೆಲ್ಲ ಹೊರಳಾಡಿದೆ. ಯಜಮಾನರ ದುಂಡು ಮುಖ, ಮೇಲೆ ವಿಭೂತಿಯ ಮೂರು ಗೆರೆ. ಕುಂಬಳಕಾಯಿಯ ಹೋಲಿಕೆ ಎಷ್ಟು ಕರಾರುವಾಕ್ಕಾಗಿದೆ ಎಂದು ಬೇರೆ ಹೆದರಿಕೆ. ಬೆಳಿಗ್ಗೆ ವಿಜಯನಗರದ ನಮ್ಮ ಮನೆಯಿಂದ ಆರು ಒಬ್ಬಟ್ಟು ಕಟ್ಟಿಕೊಂಡು ಹೋಗಿ, ಚಪ್ಪಲಿ ಬಿಟ್ಟು, ಆ ಕೋಣೆಯೊಳಗೆ ಹೋದೆ. ‘ಸಾರ್, ಒಂದ್ ಮೆಸೇಜು...’ ಎಂದೆ.

‘ಕುಂಬಳಕಾಯಿ ತಾನೆ?’ ಎಂದರು ಅವರು. ಪರದೆ ನೋಡದೆ, ಒಬ್ಬಟ್ಟು ನೋಡುತ್ತಾ.

ಅಳಿಸಿದರು. ‘ಇದು ನಮ್ ನಿಮ್ ನಡುವೆ ಇರ್ಲಿ ಮೇಡಂ’ ಎಂದರು. ಆ ‘ಇರ್ಲಿ’ ಎಂಬ ಪದ ಅಂದಿನಿಂದ ನನ್ನ ಕೊರಳಲ್ಲೇ ಇತ್ತು. ಅವರು ಎದುರಿಗೆ ಬಂದರೆ ನಾನು ಕಾರಣವಿಲ್ಲದೆ ನಗುತ್ತಿದ್ದೆ. ಒಬ್ಬಟ್ಟೂ ಮುಂದುವರಿಯಿತು.

ಇನ್ನು ಮಹಾದೇವಿಯ ವಿಷಯ. ಮಹಾದೇವಿ ಗದಗದ ಕಡೆಯ ಹುಡುಗಿ, ಕೆಂಗೇರಿ ಗೋಡೌನಿನಲ್ಲಿ ಮಾಲು ಕಳಿಸುವ ಕೆಲಸಕ್ಕೆ ಸೇರಿ ಹನ್ನೊಂದು ತಿಂಗಳಾಗಿತ್ತು. ಹೆಗ್ಗನಹಳ್ಳಿಯಲ್ಲಿ ತಾಯಿಯ ಜೊತೆ ಒಂದು ಕೋಣೆಯ ಮನೆ, ಅಲ್ಲಿಂದ ಎರಡು ಬಸ್ಸು ಬದಲಿಸಿ ಕೆಂಗೇರಿ. ವರ್ಷ ತುಂಬಿದರೆ ಪರ್ಮನೆಂಟು. ‘ಇನ್ನೊಂದ್ ತಿಂಗಳು ನೋಡ್ರಿ ಅಕ್ಕಾರ, ಆಮ್ಯಾಲೆ ನಮ್ಮವ್ವಗ ಮನಿ ಮನಿ ರೊಟ್ಟಿ ಬಡಿಯೋದು ಬಿಡಸ್ತೀನಿ’ ಎಂದು ತಿಂಗಳ ಮೀಟಿಂಗಿಗೆ ಬಂದಾಗ ನನಗೆ ಹೇಳಿದ್ದಳು.

ಆ ತಿಂಗಳೇ ಹಿರಿಯೂರಿನ ಒಬ್ಬ ಗಿರಾಕಿಗೆ ಹೋದ ಹನ್ನೊಂದು ಪ್ಯಾನೆಲ್‌ಗಳಲ್ಲಿ ಏಳು ಸುಟ್ಟುಹೋದವು, ಜೊತೆಗೆ ಅವರ ಪಂಪುಗಳೂ. ಟೆಸ್ಟ್ ಆಗದೆಯೇ ಕಳಿಸಿದ್ದಾರೆ ಎಂದು ಗೊತ್ತಾಯಿತು. ಕಳಿಸಿದವಳು ಮಹಾದೇವಿ. ‘ಟೆಸ್ಟ್ ಬ್ಯಾಡ, ಹಂಗ ಕಳಸು ಅಂತ ಮ್ಯಾನೇಜರ್ ಸಾಹೇಬ್ರೇ ಚಾಟ್‌ನಾಗ ಬರದಿದ್ರು’ ಎಂದಳು ಅವಳು. ‘ನಾನು ಹಾಗೆ ಬರೆದೇ ಇಲ್ಲ’ ಎಂದರು ಪ್ರೊಡಕ್ಷನ್ ಮ್ಯಾನೇಜರು. ಬರೆದಿದ್ದರೆ ಅವಳು ಪರ್ಮನೆಂಟು. ಬರೆದಿಲ್ಲದಿದ್ದರೆ ನಿರ್ಲಕ್ಷ್ಯಕ್ಕಾಗಿ ಅವಳು ಕೆಲಸದಿಂದ ಹೊರಗೆ, ಆ ಪತ್ರ ಹಿಡಿದು ಹೋದರೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬೇರೆ ಯಾವ ಗೇಟೂ ತೆರೆಯುವುದಿಲ್ಲ.

ಮ್ಯಾನೇಜರು ಬರೆದಿದ್ದರು. ಅದು ನನಗೆ ಗೊತ್ತಿತ್ತು.

ಹೇಗೆಂದರೆ, ಬರೆದ ದಿನವೇ ಮಧ್ಯಾಹ್ನ ಅಡ್ಮಿನ್ ಸಾರ್ ನನ್ನ ಪಕ್ಕ ಕೂತು ಮೊಸರನ್ನ ಕಲಸುತ್ತಾ ನಕ್ಕಿದ್ದರು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ‘ಕಳ್ಸಿ’ಯನ್ನು ಅವರು ಬೇಕೆಂದೇ ‘ಕಲ್ಸಿ’ ಎಂದು ಓದಿಕೊಂಡಿದ್ದರು. ‘ಕೆಂಗೇರಿಗೆ ಮ್ಯಾನೇಜರ್ರು ಬರ್ದಿದಾರೆ ಮೇಡಂ, ಟೆಸ್ಟ್ ಬೇಡ, ಹಂಗೇ ಕಲ್ಸಿ ಅಂತ. ಪ್ಯಾನೆಲ್‌ನ ಏನ್ರೀ ಕಲ್ಸೋದು, ಉಪ್ಪಿನಕಾಯಿ ಹಾಕ್ಕೊಂಡಾ?’ ನಾನೂ ನಕ್ಕಿದ್ದೆ. ಅವರ ಜೋಕಿಗೆ ನಗುವುದು ಆ ಹೊತ್ತಿಗೆ ನನ್ನ ನೌಕರಿಯ ಭಾಗವೇ ಆಗಿತ್ತು.

ಮಹಾದೇವಿ ಗುಮಾಸ್ತೆ. ಅವಳ ಗುಂಪಿನಲ್ಲಿ ಯಾರೇ ಬರೆದರೂ, ಮ್ಯಾನೇಜರೇ ಬರೆದರೂ, ಆ ಮಾತಿಗೆ ಒಂದೇ ತಿಂಗಳ ಆಯಸ್ಸು, ಅದರಲ್ಲಿ ಇಪ್ಪತ್ತೈದು ದಿನ ಕಳೆದಿತ್ತು. ಶುಕ್ರವಾರ ಅವಳು ಆ ಮೆಸೇಜಿನ ಪ್ರಿಂಟ್ ತೆಗೆಯಲು ಅನುಮತಿ ಕೇಳಿದಳು. ಯೂಸರ್‌ಗೆ ಹಳೆಯ ಮಾತುಗಳನ್ನು ತೆರೆದು ತೋರಿಸುವ ಅಧಿಕಾರವೂ ಇರಲಿಲ್ಲ, ಪ್ರಿಂಟ್ ಅಧಿಕಾರವೂ ಇರಲಿಲ್ಲ. ‘ಸೋಮವಾರ ನೋಡೋಣ’ ಎಂದು ಇವರು ಉತ್ತರ ಕೊಟ್ಟರು. ಶನಿವಾರ ಯಜಮಾನರು ಊರಿಗೆ, ಮದುವೆಯೊಂದಕ್ಕೆ ಹೊರಟಿದ್ದರು. ಹೊರಡುವ ಗಡಿಬಿಡಿಯಲ್ಲಿ ಒಂದು ಚೀಟಿ ಬರೆದು ನನ್ನ ಕೈಗಿಟ್ಟು, ‘ಇದನ್ನ ಅಡ್ಮಿನ್‌ಗೆ ಕೊಟ್ಬಿಡಮ್ಮ, ಸೋಮವಾರ ಕೂತು ನೋಡಾನ’ ಎಂದರು. ಅವರು ಚೀಟಿಗಳನ್ನು ಯಾವತ್ತೂ ಕನ್ನಡದಲ್ಲೇ, ಇಂಕ್ ಪೆನ್ನಿನಲ್ಲೇ ಬರೆಯುವವರು. ನಾನು ನಾಲ್ಕು ಹೆಜ್ಜೆಯಲ್ಲಿ ಓದಿಕೊಂಡೆ: ‘ಕೆಂಗೇರಿಯ ಈ ತಿಂಗಳ ಮೆಸೇಜು ಪೂರ್ತಿ ಉಳಿಸಿ.’ ಸದ್ಯ, ಹುಡುಗಿ ಬದುಕಿದಳು ಎಂದುಕೊಂಡೆ. ಚೀಟಿಯನ್ನು ಅವರ ಮೇಜಿನ ಮೇಲಿಟ್ಟು, ‘ಕೆಂಗೇರಿ ವಿಷಯ ಸಾರ್’ ಎಂದಷ್ಟೇ ಹೇಳಿ ಬಂದೆ. ಇನ್ನೊಂದು ಪದ ಹೆಚ್ಚಿಗೆ ಆಡಬಹುದಿತ್ತು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ದಿನಕ್ಕೆ ಮೂರು ಸಲ ಮನೆಗೆ ಫೋನ್ ಮಾಡುವ ನನಗೆ, ಚಿಂತಿಸಬೇಕಾದ ಒಂದೇ ಒಂದು ಜಾಗದಲ್ಲಿ ಚಿಂತೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಯಜಮಾನರ ಕ್ಯಾಬಿನ್ನಿನಲ್ಲಿ ಎನ್‌ಕ್ವೈರಿ. ಯಜಮಾನರು, ಮ್ಯಾನೇಜರು, ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಿದ್ದ ಮಹಾದೇವಿ, ಅಡ್ಮಿನ್ ಸಾರ್. ನಡೆದದ್ದನ್ನು ಬರೆದುಕೊಳ್ಳಲು ನಾನು.

‘ಏನ್ರೀ, ಕೆಂಗೇರಿದು ರೆಡಿ ಐತಾ?’ ಎಂದರು ಯಜಮಾನರು.

‘ಶನಿವಾರಾನೇ ಆಯ್ತು ಸಾರ್’ ಎಂದರು ಇವರು. ‘ಒಂದ್ ಅಕ್ಷರ ಬಿಡದಂಗೆ ಅಳಿಸಿದೀನಿ.’

ಯಜಮಾನರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

‘ಅಳಿಸಿದೀರಾ?’

‘ನೀವೇ ಬರೆದಿದ್ರಲ್ಲ ಸಾರ್.’ ಜೇಬಿನಿಂದ ಚೀಟಿ ತೆಗೆದು ಮೇಜಿನ ಮೇಲೆ ಹರಡಿದರು. ಅದನ್ನು ಮಡಿಸಿ ಜೋಪಾನವಾಗಿಟ್ಟುಕೊಂಡಿದ್ದರು. ಸರ್ವರಿನಲ್ಲಿ ಏನನ್ನೂ ಉಳಿಸದ ಮನುಷ್ಯ ಕಾಗದ ಉಳಿಸಿದ್ದರು. ‘ಪೂರ್ತಿ ಅಳಿಸಿ. ಅ.’

‘ಅದು ಉ ಕಣ್ರೀ. ಉಳಿಸಿ.’

‘ಅ ಸಾರ್. ಉ ಆಗಿದ್ರೆ ಬಾಲ ಇನ್ನೂ ಮೇಲಕ್ಕೆ ಹೋಗ್ಬೇಕಿತ್ತು.’

ಚೀಟಿ ಕೈಯಿಂದ ಕೈಗೆ ಹೋಯಿತು. ಯಜಮಾನರು ಅವಸರದಲ್ಲಿ ಬರೆದ ಉಕಾರದ ಬಾಲ ಅರ್ಧಕ್ಕೇ ನಿಂತು, ಶಾಯಿ ಮುದ್ದೆಯಾಗಿ, ನಿಜಕ್ಕೂ ಎರಡೂ ಆಗಬಹುದಾಗಿತ್ತು. ಮ್ಯಾನೇಜರು ಅದನ್ನು ಬೆಳಕಿಗೆ ಹಿಡಿದು, ‘ನಂಗೂ ಅ ಥರಾನೇ ಕಾಣತ್ತೆ ಸಾರ್’ ಎಂದರು, ತುಂಬ ವಿಷಾದದಿಂದ. ಮಹಾದೇವಿ ಮುಂದೆ ಬಗ್ಗಿ, ‘ನನಗ ಉ ಕಾಣಸ್ತದ್ರಿ ಸಾರ್’ ಎಂದಳು. ಯಜಮಾನರು ಡ್ರಾಯರಿನಿಂದ ತಮ್ಮ ಹಳೆಯ ಚೀಟಿಗಳನ್ನು ತೆಗೆದು ‘ಉಪ್ಪು’, ‘ಉದ್ರಿ’, ‘ಉಮೇಶ’ ಎಂದು ಹುಡುಕಿ ಹುಡುಕಿ ತೋರಿಸಿದರು. ಅರ್ಧ ಗಂಟೆ ಹೀಗೆ ಒಂದನೇ ಕ್ಲಾಸಿನ ಪಾಠ ನಡೆಯಿತು. ಸುಟ್ಟ ಪ್ಯಾನೆಲ್ಲುಗಳ ಮಾತು ಯಾರೂ ಎತ್ತಲಿಲ್ಲ.

ವಿಚಾರಣೆಗೆ ಮುನ್ನ ದಾಖಲೆ ಅಳಿಸಿ ಎಂದು ಯಾವ ಯಜಮಾನನಾದರೂ ಬರೆಯುತ್ತಾನೆಯೇ, ಅನುಮಾನ ಬಂದರೆ ಒಂದು ಫೋನ್ ಮಾಡಿ ಕೇಳಬಾರದೇ ಎಂದು ಯಾರಾದರೂ ಕೇಳಬಹುದು. ಅಡ್ಮಿನ್ ಆದವರು ಕೇಳಬಾರದು. ನಾವು ಅವರನ್ನು ಕೇಳಬೇಕು. ಅವರು ಯಾರನ್ನಾದರೂ ಕೇಳಿದರೆ ಅವರು ಅಡ್ಮಿನ್ ಹೇಗಾದಾರು? ಅವರು ಮ್ಯಾನೇಜರ ಜೊತೆ ಸೇರಿಕೊಂಡು ಬೇಕೆಂದೇ ಮಾಡಿದರು ಎಂದು ಆಮೇಲೆ ಕೆಲವರು ಆಡಿಕೊಂಡರು. ಅದು ಅವರಿಗೆ ಕೊಡುವ ಅತಿಯಾದ ಮರ್ಯಾದೆ. ಮೋಸಕ್ಕೂ ಒಂದಿಷ್ಟು ಬುದ್ಧಿ ಖರ್ಚಾಗುತ್ತದೆ.

ಕೊನೆಗೆ ಯಜಮಾನರು ಬಳಲಿ, ‘ಹೋಗ್ಲಿ, ಅಳಿಸೋ ಮುಂಚೆ ನೀವಾದ್ರೂ ನೋಡಿದ್ರಾ? ಹಂಗೆ ಬರ್ದಿದ್ರಾ ಇವ್ರು?’ ಎಂದು ಕೇಳಿದರು.

ನಾನು ಪೆನ್ನು ನಿಲ್ಲಿಸಿದೆ. ಒಂದು ಮಾತು ಸಾಕಿತ್ತು. ಮೊಸರನ್ನದ ಜೊತೆ ಆಡಿದ ಮಾತನ್ನೇ ಇನ್ನೊಮ್ಮೆ ಆಡಿದ್ದರೆ ಸಾಕಿತ್ತು.

‘ಅಡ್ಮಿನ್‌ಗೆ ಮೆಸೇಜ್ ಕಾಣಲ್ಲ ಸಾರ್’ ಎಂದರು ಅವರು. ‘ಬರೀ ಲೆಕ್ಕ ಕಾಣತ್ತೆ.’ ಹೇಳುತ್ತಾ ಒಂದು ಕ್ಷಣ ನನ್ನ ಕಡೆ ನೋಡಿದರು. ಬೆದರಿಕೆಯ ನೋಟವಲ್ಲ. ‘ಅಲ್ವಾ ಮೇಡಂ?’ ಎನ್ನುವಂಥ ಸ್ನೇಹದ ನೋಟ.

ಮಹಾದೇವಿಯೂ ನನ್ನನ್ನು ನೋಡುತ್ತಿದ್ದಳು, ನಾನು ಏನು ಬರೆದುಕೊಳ್ಳುತ್ತೇನೆ ಎಂದು. ನಾನು ಬಾಯಿ ತೆರೆದರೆ ಮೊದಲ ಪ್ರಶ್ನೆ, ‘ಇವರು ಎಲ್ಲರದ್ದೂ ಓದ್ತಾರೆ ಅಂತ ಗೊತ್ತಿದ್ದೂ ಯಾಕಮ್ಮ ಸುಮ್ನಿದ್ದೆ?’ ಎರಡನೆಯ ಪ್ರಶ್ನೆಗೆ ಉತ್ತರವಾಗಿ ಅವರೇ ಕುಂಬಳಕಾಯಿಯನ್ನು ಮೇಜಿನ ಮೇಲೆ ಇಡುತ್ತಾರೆ. ಇಷ್ಟನ್ನು ನಾನು ಎರಡು ಸೆಕೆಂಡಿನಲ್ಲಿ ಯೋಚಿಸಿ ಮುಗಿಸಿದೆ. ಚಿಂತೆಯಲ್ಲಿ ನುರಿತ ಕೈ. ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದೆ: ‘ದಾಖಲೆ ಲಭ್ಯವಿಲ್ಲ.’

ಮಹಾದೇವಿಯನ್ನು ಕೆಲಸದಿಂದ ತೆಗೆದ ಪತ್ರವನ್ನು ಗುರುವಾರ ಟೈಪ್ ಮಾಡಿದವಳೂ ನಾನೇ. ತೆಗೆದುಕೊಳ್ಳಲು ಬಂದಾಗ ಅವಳು ಅಳಲಿಲ್ಲ. ‘ಅಕ್ಕಾರ, ನೀವ್ ಇಲ್ಲೇ ಇರ್ತೀರಲ್ರಿ, ಯಾರ್ ಕಿವಿಗರ ಬಿದ್ದಿತ್ತೇನ್ರಿ ಈ ಮಾತು?’ ಎಂದು ಕೇಳಿದಳು.

‘ನಂಗೇನ್ ಗೊತ್ತಮ್ಮ’ ಎಂದೆ.

‘ಹೌದ್ ಬಿಡ್ರಿ, ನಿಮಗರ ಹೆಂಗ್ ಗೊತ್ತಾಗ್ಬೇಕು’ ಎಂದು ಅವಳೇ ನನಗೆ ಸಮಾಧಾನ ಹೇಳಿ ಹೋದಳು.

ಶುಕ್ರವಾರ ನನ್ನ ಪರದೆಯ ಮೂಲೆಯಲ್ಲಿ ಡಬ್ಬಿ ಪುಟಿಯಿತು. ನನ್ನನ್ನು ಅಡ್ಮಿನ್ ಮಾಡಲಾಗಿದೆ ಎಂದಿತ್ತು. ಮೂರು ಸಲ ಓದಿದೆ. ಇಂಜಿನಿಯರು ಹೇಳಿದರೂ, ಯಜಮಾನರು ಹೇಳಿದರೂ ಎರಡನೆಯವರನ್ನು ಮಾಡದ ಮನುಷ್ಯ ನನ್ನನ್ನು ಮಾಡಿದ್ದರು. ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ಖುಷಿ. ನಾಚಿಕೆ ಬಂದದ್ದು ಆಮೇಲೆ, ಅದೂ ಸಾಕಷ್ಟು ಹೊತ್ತಾದ ಮೇಲೆ.

ಕೆಳಗೆ ಅವರ ಮೆಸೇಜು: ‘ಕೆಂಗೇರಿ ಹುಡುಗಿ ಹೆಸರು ಲಿಸ್ಟಿಂದ ತೆಗೀರಿ.’

ತೆಗೆಯಲು ಹೋದೆ. ಅಡ್ಮಿನ್‌ಗೆ ಕಾಣುವ ಆ ಪುಟಗಳನ್ನು ನಾನು ನೋಡುತ್ತಿದ್ದುದು ಅದೇ ಮೊದಲು. ಒಂದರ ಕೆಳಗೆ ‘ಅಳಿಸಿದವು’ ಎಂಬ ಅರ್ಥದ ಇಂಗ್ಲಿಷ್ ಪದವೊಂದಿತ್ತು. ಒತ್ತಿದೆ. ಕೆಂಗೇರಿ ಗುಂಪು, ಆ ತಿಂಗಳದ್ದು, ಪೂರ್ತಿ ಅಲ್ಲೇ ಇತ್ತು. ಅಡ್ಮಿನ್ ಅಳಿಸಿದ್ದನ್ನು ಆ ಸಾಫ್ಟ್‌ವೇರು ಹದಿನೈದು ದಿನ ಒಂದು ಮೂಲೆಯಲ್ಲಿ ಇಟ್ಟುಕೊಂಡಿರುತ್ತದಂತೆ, ಕೈತಪ್ಪಿ ಅಳಿಸಿದವರಿಗಾಗಿ. ಎರಡು ವರ್ಷ ಆ ಕೋಣೆಯಲ್ಲಿ ಬರಿಗಾಲಲ್ಲಿ ಕೂತಿದ್ದ ಮನುಷ್ಯನಿಗೆ ಇದು ಗೊತ್ತೇ ಇರಲಿಲ್ಲ. ಮ್ಯಾನೇಜರ ಹೆಸರು, ತಾರೀಖು, ಸಮಯ, ‘ಟೆಸ್ಟ್ ಬೇಡ, ಹಂಗೇ ಕಳ್ಸಿ.’ ಇನ್ನು ಒಂಬತ್ತು ದಿನ ಬಾಕಿ ಎಂದು ಬರೆದಿತ್ತು. ಪಕ್ಕದಲ್ಲಿ ಎರಡು ಗುಂಡಿ: ಒಂದು ಒತ್ತಿದರೆ ಎಲ್ಲವೂ ಮೊದಲಿನ ಜಾಗಕ್ಕೆ ವಾಪಸು, ಇನ್ನೊಂದು ಒತ್ತಿದರೆ ಶಾಶ್ವತವಾಗಿ ಇಲ್ಲ.

ಮೊದಲ ಗುಂಡಿಯ ಮೇಲೆ ಬಾಣ ತಂದು ನಿಲ್ಲಿಸಿದೆ. ಒತ್ತಿದರೆ ಮಹಾದೇವಿ ಸೋಮವಾರ ಕೆಂಗೇರಿಯ ಬಸ್ಸು ಹತ್ತುತ್ತಾಳೆ. ಒತ್ತಿದರೆ ಯಾರು ಒತ್ತಿದರೆಂದು ನನ್ನ ಹೆಸರು ಬೀಳುತ್ತದೆಯೋ ಏನೋ. ಹಳೆಯದೆಲ್ಲ ಎದ್ದು ಬಂದರೆ ನನ್ನ ಕುಂಬಳಕಾಯಿಯೂ ಎದ್ದು ಬರುತ್ತದೆಯೋ ಏನೋ. ಅದು ಅಳಿಸಿ ಎಷ್ಟೋ ತಿಂಗಳಾಗಿದೆ, ಈ ಪಟ್ಟಿಯಲ್ಲಿ ಇಲ್ಲ, ಬರಲು ಸಾಧ್ಯವಿಲ್ಲ ಎಂದು ಕಣ್ಣಿಗೆ ಕಾಣುತ್ತಿತ್ತು. ಆದರೂ ಹೊಸಬಳು, ಏನಾದರೂ ಹೆಚ್ಚುಕಡಿಮೆಯಾದರೆ? ಒಂದು ಮಾತು ಕೇಳಿಬಿಡೋಣ ಎನಿಸಿತು.

ಎದ್ದು ಹೋಗಿ ಕರೆದೆ. ‘ಸಾರ್, ಕೆಂಗೇರಿದು ಇನ್ನೂ ಇದೆ. ವಾಪಸ್ ಹಾಕ್ಲಾ?’

ಅವರು ನಿಧಾನವಾಗಿ ನಡೆದು ಬಂದು ನನ್ನ ಹಿಂದೆ ನಿಂತು ನೋಡಿದರು. ಓದಿದರು.

‘ವಾಪಸ್ ಹಾಕಿದ್ರೆ ಏನಾಗತ್ತೆ ಮೇಡಂ? ಅದು ಉ ಅಂತ ಆಗೋಗತ್ತೆ’ ಎಂದರು. ‘ಯಜಮಾನ್ರ ಚೀಟೀನ ನಾನು ತಪ್ಪಾಗಿ ಓದ್ದೆ ಅಂತ ಆಗತ್ತೆ.’

‘ಆದ್ರೆ ಸಾರ್, ಆ ಹುಡುಗಿ...’

‘ಹುಡುಗೀಗೆ ಬೇರೆ ಕಡೆ ಸಿಗತ್ತೆ ಬಿಡಿ. ವಯಸ್ಸಿದೆ.’ ನನ್ನ ಭುಜದ ಮೇಲಿಂದ ಕೈ ಚಾಚಿ, ಮೌಸಿನ ಮೇಲಿದ್ದ ನನ್ನ ಕೈಯನ್ನು ಅಲ್ಲಿಂದ ಸರಿಸಿ, ಎರಡನೆಯ ಗುಂಡಿ ಒತ್ತಿದರು. ಪುಟ ಬಿಳಿಯಾಯಿತು.

ಅವರು ಕುರ್ಚಿಯ ಬೆನ್ನನ್ನು ಮೆಲ್ಲಗೆ ತಟ್ಟಿದರು.

‘ಪವರ್ ನಿಮ್ಮ ಕೈಲೇ ಇತ್ತು, ಆದ್ರೂ ನನ್ನ ಕೇಳಿದ್ರಲ್ಲ’ ಎಂದರು. ‘ಅದಕ್ಕೇ ಮೇಡಂ ನಿಮ್ಮನ್ನ ಅಡ್ಮಿನ್ ಮಾಡಿದ್ದು.’